ಕೂಗಿಗೆ ಓಗೊಟ್ಟ ಗಂಡು

ವರ್ಲ್‌ನ ಹುಲ್ಲಿನ ಬಣವೆಗಳಿಗೆ ಬೇಲಿ ಇರಲಿಲ್ಲ. ವಯೋಮಿಂಗ್‌ನ ಆ ಕಣಿವೆಯಲ್ಲಿ ಎಲ್ಕ್ ಜಿಂಕೆಗಳು ಮಿತಿಮೀರಿದ್ದರಿಂದ, ಹೆಣ್ಣೊಂದನ್ನು ಹೊಡೆಯಲು ಅವನಿಗೆ ಪರವಾನಗಿ ಸಿಕ್ಕಿತ್ತು. ಮೇವಿನಂಗಡಿಯ ಸಾಲಿನಲ್ಲಿ ಅವನ ಹಿಂದೆ ನೆರೆಮನೆಯ ಜೋಲೀನ್ ನಿಂತಿದ್ದಳು. ಗಲ್ಲಾದಲ್ಲಿದ್ದ ಲೋರ್ನಾ ಚಿಲ್ಲರೆ ಎಣಿಸುವುದನ್ನು ಬಿಟ್ಟು ಕಿವಿಗೊಟ್ಟಳು.

"ಹೊಡೆದ್ಯೇನೋ ವರ್ಲ್?" ಜೋಲೀನ್ ಕೇಳಿದಳು.

"ಎಲ್ಲಿ! ಪೊದೇಲಿ ಕೂತು ಹೆಣ್ಣು ಎಲ್ಕ್ ಥರ ಪೀಪಿ ಊದಿದ್ದೇ ಊದಿದ್ದು. ಗಂಡೊಂದು ಓಗೊಡ್ತಾನೇ ಇತ್ತು. ಅದರ ಹಿಂದೆ ಹಿಂಡು ಬರುತ್ತೆ ಅಂತ ಕಾದೆ."

"ಕೂಗಿ ಕೂಗಿ ಕೊನೇಲಿ ಕೆಮ್ತಿತ್ತಾ?"

"ಹೂಂ! ನಿಂಗ್ಹೆಂಗೆ ಗೊತ್ತು?"

"ಅದು ಗಂಡಲ್ಲ ಕಣೋ, ನನ್ನ ಗಂಡ! ಅವನೂ ಬೇಟೆಗೆ ಹೋಗಿದ್ದ. ತನ್ನ ಕೂಗಿಗೆ ಹೆಣ್ಣೊಂದು ಮರುಳಾಗಿದೆ ಅಂತ ಮನೇಲಿ ಬೀಗ್ತಾ ಇದಾನೆ."

"ಅಯ್ಯಯ್ಯೋ! ಮತ್ತೆ ಹಿಂಡೆಲ್ಲಿತ್ತೇ?"

"ನಿನ್ನ ಬಣವೇಲಿ, ಔತಣ ಉಣ್ತಾ ಇತ್ತು!"

ಇಬ್ಬರೂ ಹೊಟ್ಟೆ ಹಿಡಿದು ನಗುತ್ತ ಹೊರನಡೆದರು. ಚಳಿಗಾಲಕ್ಕೆಂದು ಒಟ್ಟಿದ್ದ ಮೂರು ಬಣವೆಗಳಲ್ಲಿ ಒಂದು ಹೋಗಿತ್ತು.