ಐವತ್ತೇಳು ಸೆಕೆಂಡಿನ ದಾರಿ

ಸೂಪು ಬಾಯಿಗಿಡೋ ಹೊತ್ತಿಗೇ ಯಾರಿಗಪ್ಪಾ ನನ್ನ ನೆನಪಾಗೋದು?

ಹಲೋ... ಯಾರು ಮಾತಾಡ್ತಿರೋದು?...

ಹಾಂ, ಸ್ವೆನ್ಯಾನೇ. ವೀಬ್ಕೆ, ನೀನಾ? ಮೇಲಿನ ರೂಮಿಂದ ಫೋನಾ? ಮೆಟ್ಟಿಲಿಳಿದು ಬರೋಕೂ ಆಗ್ಲಿಲ್ವಾ?...

ಹಾಂ, ಚೀಟಿ ನನ್ನ ಹತ್ರಾನೇ ಇದೆ. ಕೋಚ್ ಹೋಲ್ಗರ್ ಕೊಟ್ಟು ಹೋದ್ರು. ವೀಬ್ಕೆ ಕಣ್ಣು ಮುಚ್ಚಿ ಮನಸ್ಸಲ್ಲೇ ಮಂಜುಗಡ್ಡೆ ದಾರೀಲಿ ಜಾರುಬಂಡಿ ಓಡಿಸಲಿ, ಎಷ್ಟು ಹೊತ್ತಾಯ್ತು ಅಂತ ನೀನು ಬರೆ, ನಿಜವಾದ ಓಟಕ್ಕೆ ಹಿಡಿಯೋ ಐವತ್ತೇಳು ಸೆಕೆಂಡಿನ ಆಸುಪಾಸಿದ್ರೆ ನಾಳೆ ಆಯ್ಕೆ ಓಟಕ್ಕೆ ನಿಮ್ಮಿಬ್ಬರನ್ನೂ ಇಳಿಸ್ತೀನಿ ಅಂದ್ರು...

ಆಗ್ಲೇ ಓಡಿಸಿದ್ಯಾ? ಎಷ್ಟು ಬಂತು?... ಸರಿಯಾಗಿ ಐವತ್ತೇಳು! ಗಡಿಯಾರ ಒತ್ತಿದ್ದು ಯಾರು?... ನೀನೇ? ಪರೀಕ್ಷೆ ಬರೆದವಳೇ ಅಂಕ ಹಾಕಿಕೊಂಡ ಹಾಗಾಯ್ತಲ್ಲೇ, ಮಹಾತಾಯಿ!

ಊಹೂಂ, ಇನ್ನೊಂದ್ಸಲ. ಪ್ರಾರ್ಥನೆಗೆ ಕೂತೋಳ ಹಾಗೆ ಕಣ್ಣು ಮುಚ್ಚು. ತಳ್ಳಿದ್ವಿ, ಹತ್ತಿದ್ವಿ, ಎಂದಿನಂತೆ ನಾನು ನಿನ್ನ ಹಿಂದೆ ತಲೆ ಬಗ್ಗಿಸಿ ಕೂತೆ. ಕೆಳಗೆ ಮುಟ್ಟಿದ ತಕ್ಷಣ ‘ಬಂತು’ ಅನ್ನು. ಹೂಂ, ಹೊರಡು...

...

ವೀಬ್ಕೆ?... ಸರಿ ಸರಿ, ಮಾತಾಡಿಸಲ್ಲ...

...

ಬಂತಾ? ಒಂದು ನಿಮಿಷ ಹನ್ನೊಂದು ಸೆಕೆಂಡು. ದಾರೀಲಿ ಕಾಫಿಗೆ ನಿಂತಿದ್ಯಾ?...

ಎಲ್ಲಿ? ಒಂಬತ್ತನೇ ತಿರುವಲ್ಲಾ? ಹೋದ ವಾರ ಮಗುಚಿಕೊಂಡ್ವಲ್ಲ, ಅಲ್ಲೇ?... ಬ್ರೇಕಾ? ಬ್ರೇಕಿರೋದು ನನ್ನ ಕೈಲಲ್ವೇನೇ! ಕೊನೇ ಗೆರೆ ದಾಟಿದ ಮೇಲೆ ಹಾಕೋದನ್ನ ನಡುದಾರೀಲಿ ಹಾಕಿಸಿದ್ಯಾ, ಅದೂ ನನ್ನ ಒಂದು ಮಾತೂ ಕೇಳದೆ?...

ನಗಬೇಡ. ಹಾಸಿಗೆ ಮೇಲೆ ಕೂತು ಓಡಿಸಿದ್ರೆ ಯಾರ ಮೂಳೆಯೂ ಮುರಿಯಲ್ಲ. ಅಲ್ಲೇ ಹೆದರಿದೋಳು ನಾಳೆ ಮಂಜುಗಡ್ಡೆ ಮೇಲೆ ಏನು ಮಾಡ್ತೀಯ?...

ಗೊತ್ತು. ನಾಳೆ ತಪ್ಪಿದ್ರೆ ಈ ವರ್ಷ ತಂಡದಲ್ಲಿ ಜಾಗ ಇಲ್ಲ. ನಿನಗಿಲ್ಲ ಅಂದ್ರೆ ನನಗೂ ಇಲ್ಲ, ಅಲ್ವಾ?... ಅಳ್ತಿದ್ದೀಯಾ?...

ಹಾಂ? ಏನಂತ ಬರೀಲಿ?... ಐವತ್ತೇಳು ಅಂತಲಾ?...

ಯಾರಿಗೂ ಗೊತ್ತಾಗಲ್ವಾ? ನನಗೆ ಗೊತ್ತಲ್ಲೇ, ಮಾರಾಯ್ತಿ. ಹಿಂದೆ ಕೂರೋಳಿಗೆ ದಾರಿ ಕಾಣಲ್ಲ, ತಿರುವು ಕಾಣಲ್ಲ. ನಿನ್ನ ಬೆನ್ನು ನಂಬಿಕೊಂಡು ಕೂರೋದಷ್ಟೇ...

ಇಲ್ಲ. ಎಷ್ಟು ಸಲ ಕೇಳಿದ್ರೂ ಇಲ್ಲ. ನಾನು ಬರೆಯಲ್ಲ, ವೀಬ್ಕೆ...

ಹಲೋ?...