ಒಂಬತ್ತನೇ ಕಿಲೋಮೀಟರಿನ ಎಡತಿರುವು: ನನ್ನ ಮೊದಲ ಹೇಳಿಕೆಗೆ ತಿದ್ದುಪಡಿ

ನನ್ನ ಹೆಸರು ಮಕ್ಸುತ್ ಎಸೆನೋವ್, ವಯಸ್ಸು 47, ವೃತ್ತಿ ವಾಹನಗಳ ಎಲೆಕ್ಟ್ರಿಕ್ ರಿಪೇರಿ ಮತ್ತು ರ‍್ಯಾಲಿ ಸ್ಪರ್ಧೆಗಳಲ್ಲಿ ಸಹಚಾಲಕ. ವಾಸ ಅಕ್ತಾವ್ ನಗರ, 7ನೇ ಬಡಾವಣೆ, 14ನೇ ಕಟ್ಟಡ, ಐದನೇ ಮಹಡಿ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 14-9-2019ರ ಶನಿವಾರ ಶೆತ್ಪೆ ಬಳಿಯ ರ‍್ಯಾಲಿಯಲ್ಲಿ ನಡೆದ ಚಾಲಕ ಒರಿನ್‌ಬಾಸರ್ ದೊಸ್ಮುರಾತೊವ್ (52) ಅವರ ಸಾವಿನ ಬಗ್ಗೆ ನಾನು 17ನೇ ತಾರೀಕು ಆಸ್ಪತ್ರೆಯ ಹಾಸಿಗೆಯಲ್ಲಿ ಕೊಟ್ಟ ಹೇಳಿಕೆ ಸರಿಯಲ್ಲ. ಅವರು ತಾವಾಗಿ ಸಾಯಲಿಲ್ಲ. ಆತ್ಮಹತ್ಯೆ ಎಂದು ಊರು ಆಡಿಕೊಳ್ಳುತ್ತಿರುವಾಗ ಐವತ್ತು ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮೃತರ ಹಳೆಯ ಕಥೆ ಇಲ್ಲಿ ಬೇಡ ಎಂದು ತನಿಖಾಧಿಕಾರಿಯವರು ಹೇಳಿದರು. ತಪ್ಪು ಅಲ್ಲಿಂದಲೇ ಬಂದಿದೆ ಎಂದು ನಾನು ಪಟ್ಟು ಹಿಡಿದ ಮೇಲೆ ಬರೆದುಕೊಂಡಿದ್ದಾರೆ. ಮೃತರನ್ನು ನಾವೆಲ್ಲ ಗೌರವದಿಂದ ಒರೆಕೆ ಎನ್ನುತ್ತಿದ್ದೆವು, ಅವರು ನನ್ನನ್ನು ಮಾಕೆ ಎನ್ನುತ್ತಿದ್ದರು. ಅವರು ಹತ್ತನೇ ವಯಸ್ಸಿಗೆ ಕಾರ್ಟ್ ಎಂಬ ಪುಟ್ಟ ರೇಸು ಗಾಡಿ ಹಿಡಿದವರು. ಹತ್ತೊಂಬತ್ತರಿಂದ ಇಪ್ಪತ್ತೇಳರವರೆಗೆ ಉತ್ತರದ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಹಳೆಯ ಝಿಗುಲಿ ಕಾರಿನಲ್ಲಿ ಮಂಜಿನ ರೇಸು ಓಡಿಸಿ ಮೂರು ಸಲ ಗೆದ್ದರು. ಆಮೇಲೆ ಎಂಟು ವರ್ಷ ಡಾಂಬರು ಟ್ರ್ಯಾಕಿನಲ್ಲಿ ಕಾರ್ ರೇಸು. ಅಲ್ಲಿ ಚಾಲಕನ ಪಕ್ಕ ಯಾರೂ ಕೂರುವುದಿಲ್ಲ. ಪ್ರತಿ ತಿರುವನ್ನೂ ಅವನು ಗೇರಿನ ಸಂಖ್ಯೆಯಿಂದಲೇ ನೆನಪಿಟ್ಟುಕೊಳ್ಳುತ್ತಾನೆ. ಒರೆಕೆ ರ‍್ಯಾಲಿಗೆ ಬಂದಾಗಲೂ ಆ ಅಭ್ಯಾಸ ಬಿಡಲಿಲ್ಲ. ಅವರ ಲೆಕ್ಕದಲ್ಲಿ 'ಒಂದು' ಎಂದರೆ ಒಂದನೇ ಗೇರಿನ ಕಡಿದಾದ ತಿರುವು, 'ಐದು' ಎಂದರೆ ಐದನೇ ಗೇರಿನಲ್ಲಿ ಹಾರಿಕೊಂಡು ಹೋಗಬಹುದಾದ ತಿರುವು.

2003ರಿಂದ 2010ರವರೆಗೆ ನಾನು ಅವರ ಸಹಚಾಲಕನಾಗಿದ್ದೆ. ಮುಂದಿನ ತಿರುವು ಯಾವುದೆಂದು ನೋಟ್‌ಬುಕ್ ನೋಡಿ ಹೆಲ್ಮೆಟ್ಟಿನ ಮೈಕಿನಲ್ಲಿ ಓದಿ ಹೇಳುವುದು ನನ್ನ ಕೆಲಸ. ನನ್ನ ದನಿ ಹವಾಮಾನ ವರದಿಯ ಹಾಗಿದೆ, ಬಿರುಗಾಳಿ ಬಂದರೂ ಒಂದೇ ರಾಗ ಎಂದು ಅವರು ರೇಗಿಸುತ್ತಿದ್ದರು. ನಂತರ ಅವರು ಮರುಭೂಮಿಯ ದೂರದ ಸ್ಪರ್ಧೆಗಳಿಗೆ ಟ್ರಕ್ ಓಡಿಸಲು ಹೋದರು. ನಾನು ಒಂಬತ್ತು ವರ್ಷ ಗ್ರಿಶಿನ್ ಎಂಬ ಬೇರೊಬ್ಬ ಚಾಲಕನಿಗೆ ಓದಿದೆ. ಗ್ರಿಶಿನ್‌ನ ಲೆಕ್ಕ ಪೂರಾ ಉಲ್ಟಾ. ಅವನಿಗೆ 'ಒಂದು' ಎಂದರೆ ಹೆಚ್ಚುಕಡಿಮೆ ನೇರ ದಾರಿ, 'ಐದು' ಎಂದರೆ ಅತಿ ಕಡಿದಾದ ತಿರುವು. ಎರಡು ಪದ್ಧತಿಯೂ ನಮ್ಮಲ್ಲಿ ನಡೆಯುತ್ತದೆ, ಯಾವುದೂ ತಪ್ಪಲ್ಲ.

ಕಳೆದ ಆಗಸ್ಟಿನಲ್ಲಿ ಟ್ರಕ್ ತಂಡದವರು ಒರೆಕೆಯನ್ನು ಫೋನಿನಲ್ಲೇ ಕೈಬಿಟ್ಟರು. ಅವರು ನನ್ನ ಅಂಗಡಿಗೆ ಬಂದು, ಕೊನೆಯದೊಂದು ರ‍್ಯಾಲಿ ಓಡಿಸುತ್ತೇನೆ, ಹಳೆಯ ಜೋಡಿಯೇ ಆಗಲಿ ಎಂದರು. ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

13ರ ಶುಕ್ರವಾರ ಬೆಳಿಗ್ಗೆ 10:15ಕ್ಕೆ ನಾವು ದಾರಿ ನೋಡಲು ನಿಧಾನವಾಗಿ ಹೊರಟೆವು. ಅವರು ತಿರುವುಗಳನ್ನು ಹೇಳುತ್ತಾ ಹೋದರು, ನಾನು ಪೆನ್ಸಿಲಿನಲ್ಲಿ ಬರೆಯುತ್ತಾ ಹೋದೆ. 8.1 ಕಿಲೋಮೀಟರಿನಲ್ಲಿ ಒಂಟೆಗಳು ದಾರಿಗೆ ಅಡ್ಡ ನಿಂತಿದ್ದವು. ಒಂಟೆ ಮೇಯಿಸುವ ಝುಮಾಗಾಲಿ ಎಂಬ ಮುದುಕರು ಬಂದು, ಹುಳಿ ಬರಿಸಿದ ಒಂಟೆ ಹಾಲು ಶುಬಾತ್ ಕುಡಿದು ಹೋಗಿ ಎಂದು ಕರೆದರು. ಹಾಗೆ ಕರೆದಾಗ ಬೇಡ ಎನ್ನುವುದು ನಮ್ಮಲ್ಲಿ ಇಲ್ಲ. ಒರೆಕೆ ಇಳಿದು ಹೋದರು. ನಾನು ಕಾರಿನಲ್ಲೇ ಕೂತು ಬರೆದದ್ದನ್ನು ತಿದ್ದುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಸುಮಾರು ನಲವತ್ತು ಮೀಟರ್ ದೂರದಿಂದ ನನ್ನ ಕಡೆ ಎರಡು ಬೆರಳು ಎತ್ತಿ ತೋರಿಸಿದರು. ಎರಡು ನಿಮಿಷದಲ್ಲಿ ಬರುತ್ತೇನೆ ಎನ್ನುತ್ತಿದ್ದಾರೆ ಅಂದುಕೊಂಡು ತಲೆಯಾಡಿಸಿದೆ. ಅವರು ಮರಳಿ ಬಂದಾಗ ಬಾಯಿಗೆ ಹಾಲು ಮೆತ್ತಿತ್ತು. ಇಷ್ಟು ಹುಳಿ ಶುಬಾತ್ ಕುಡಿದು ಹತ್ತು ವರ್ಷವಾಯಿತು ಎಂದು ನಗುತ್ತಲೇ ಮುಂದಿನ ತಿರುವು ದಾಟಿಸಿದರು, ಅದರ ಸಂಖ್ಯೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅದೇ ದಿನ ಸಂಜೆ 6:40ಕ್ಕೆ ಅತಿಥಿಗೃಹದಲ್ಲಿ ನೋಟ್ಸಿನ ಶುದ್ಧ ಪ್ರತಿ ಮಾಡುವಾಗ 8.4 ಕಿಲೋಮೀಟರಿನ ಎಡತಿರುವಿನ ಮುಂದೆ ಜಾಗ ಖಾಲಿ ಇತ್ತು. ಒರೆಕೆ ಪಕ್ಕದ ಕೋಣೆಯಲ್ಲಿದ್ದರು, ನಡುವೆ ಆರು ಹೆಜ್ಜೆ. ನಮಾಜಿನಲ್ಲಿದ್ದಾರೆ, ಆಮೇಲೆ ಕೇಳೋಣ ಎಂದುಕೊಂಡೆ. ಆಮೇಲೆ ಊಟಕ್ಕೆ ಕರೆದರು. ತಿರುವು ಕಡಿದಾಗಿದ್ದದ್ದು ನನಗೆ ನೆನಪಿತ್ತು. ಕಡಿದಾದ ತಿರುವಿಗೆ ಒಂಬತ್ತು ವರ್ಷದಿಂದ ಕೈ ಯಾವುದನ್ನು ಬರೆಯುತ್ತಿತ್ತೋ ಅದನ್ನೇ ಬರೆಯಿತು. 'ಎಡ ಐದು' ಎಂದು ಬರೆದೆ. ಪೆನ್ನಿನಲ್ಲಿ, ದುಂಡಗೆ.

14ನೇ ತಾರೀಕು ಮಧ್ಯಾಹ್ನ 2:16ಕ್ಕೆ ನಮ್ಮ ಕಾರು ಹೊರಟಿತು. 2:21ಕ್ಕೆ, ತಿರುವಿಗೆ ಸುಮಾರು 250 ಮೀಟರ್ ಇರುವಾಗ, ನಾನು "ದಿಬ್ಬ, ದಾಟಿದ ಕೂಡ್ಲೇ ಎಡ ಐದು" ಎಂದು ಓದಿದೆ. ಒರೆಕೆ ಏಳು ವರ್ಷದಲ್ಲಿ ಒಂದೇ ಒಂದು ಸಲವೂ ನನ್ನನ್ನು ಮರುಪ್ರಶ್ನೆ ಮಾಡಿದವರಲ್ಲ. ಅವತ್ತು ಮಾಡಿದರು.

"ಐದಾ, ಮಾಕೆ?" ಎಂದರು.

"ಐದೇ," ಎಂದೆ.

ಅವರು ಐದನೇ ಗೇರು ಹಾಕಿದರು. ಆ ದಾರಿಯಲ್ಲಿ ಒಂದೇ ತರಹದ ದಿಬ್ಬಗಳು ಹಲವು, ಹತ್ತುವವರೆಗೆ ಆಚೆಯ ತಿರುವು ಕಾಣುವುದಿಲ್ಲ. ದಿಬ್ಬದ ತಲೆಯಿಂದ ಸುಣ್ಣಕಲ್ಲಿನ ಪ್ರಪಾತದ ಅಂಚಿಗೆ 38 ಮೀಟರ್. ವೇಗ 140ರ ಮೇಲಿತ್ತು. ಬ್ರೇಕಿನ ಗುರುತು ಏಕಿಲ್ಲ ಎಂದು ತನಿಖಾಧಿಕಾರಿಯವರು ಕೇಳಿದ್ದರು. ಅಷ್ಟು ಜಾಗದಲ್ಲಿ ಕಾಲು ಬ್ರೇಕಿನವರೆಗೆ ಹೋಗುವುದೂ ಕಷ್ಟ. ಕಾರು 31 ಮೀಟರ್ ಕೆಳಗೆ ಮೂರು ಪಲ್ಟಿ ಹೊಡೆದು ಚಾಲಕನ ಮಗ್ಗುಲಿಗೆ ಬಿತ್ತು. ನನ್ನ ಕತ್ತಿನ ಎಲುಬು ಮತ್ತು ನಾಲ್ಕು ಪಕ್ಕೆಲುಬು ಮುರಿದವು. ಒರೆಕೆ ಅಲ್ಲೇ ತೀರಿಕೊಂಡರು. ಕಾರಿನ ಕ್ಯಾಮೆರಾ ನುಚ್ಚುನೂರಾಗಿತ್ತು, ಯಾವ ಧ್ವನಿಯೂ ಉಳಿದಿಲ್ಲ.

17ರಂದು ಕೇಳಿದಾಗ ನಾನು, ನೋಟ್ಸನ್ನು ಸರಿಯಾಗಿಯೇ ಓದಿದೆ, ಅವರು ವೇಗ ಇಳಿಸಲಿಲ್ಲ ಎಂದು ಹೇಳಿದೆ. ಆ ಎರಡೂ ಮಾತು ಅಕ್ಷರಶಃ ನಿಜ. ಬರೆದದ್ದನ್ನೇ ಓದಿದ್ದೆ. ಅಂಥ ನಿಜವನ್ನು ಹುಡುಕಿ ಹೇಳುವಷ್ಟು ಎಚ್ಚರ ಆ ನೋವಿನಲ್ಲೂ ನನಗಿತ್ತು ಎಂಬುದೇ ನಾಚಿಕೆ.

ಅದರಿಂದ ಆದದ್ದು ಇಷ್ಟು. ತಂಡ ಕೈಬಿಟ್ಟಿತ್ತು, ಬ್ರೇಕಿನ ಗುರುತಿಲ್ಲ, ಹೊರಡುವ ಮುನ್ನ ಉಂಗುರ ಮತ್ತು ಗಡಿಯಾರ ಮನೆಯಲ್ಲಿ ಬಿಚ್ಚಿಟ್ಟಿದ್ದರು, ಅದರ ಮೇಲೆ ನನ್ನ ಹೇಳಿಕೆ ಸೇರಿ ಊರು ಆತ್ಮಹತ್ಯೆ ಎಂದು ತೀರ್ಮಾನಿಸಿತು. ಉಂಗುರ ಹಾಕಿಕೊಂಡು ಸ್ಟೀರಿಂಗ್ ಹಿಡಿಯಬಾರದು ಎಂಬುದು ಟ್ರ್ಯಾಕಿನ ಕಾಲದಿಂದ ಅವರು ಪಾಲಿಸಿದ ನಿಯಮ, ಆದರೆ ಊರಿಗೆ ಅದು ಗೊತ್ತಿಲ್ಲ. ಅಕ್ಟೋಬರ್ 23ರಂದು ನಲವತ್ತನೇ ದಿನದ ಊಟಕ್ಕೆ ಅವರ ಕಡೆಯ ಹಿರಿಯರು ಒಬ್ಬರೂ ಬರಲಿಲ್ಲ. ತಾನಾಗಿ ಸತ್ತವನಿಗೆ ಪ್ರಾರ್ಥನೆ ಏಕೆ ಎಂದು ಹೇಳಿಕಳಿಸಿದ್ದರಂತೆ. ಅರವತ್ತು ಜನಕ್ಕೆ ಹಾಸಿದ ಹಾಸಿನ ಮೇಲೆ ಹನ್ನೊಂದು ಜನ ಕೂತಿದ್ದೆವು. ನಾನು ಅವರ ಅನ್ನ ತಿಂದು ಬಂದೆ.

ಆಸ್ಪತ್ರೆಯಿಂದ ಬಂದಾಗಿನಿಂದ ನನಗೆ ಎಡಗಿವಿಯಲ್ಲಿ "ಐದಾ, ಮಾಕೆ?" ಎಂದು ಕೇಳುತ್ತದೆ. ಗದರಿಕೆಯಿಲ್ಲ, ಬರೀ ಪ್ರಶ್ನೆ. ಬಸ್ಸು ತಿರುವು ತೆಗೆದುಕೊಳ್ಳುವಾಗ ಕೇಳುತ್ತದೆ, ಅಂಗಡಿಯಲ್ಲಿ ಗಿರಾಕಿ ಐದು ಫ್ಯೂಸ್ ಕೊಡಿ ಎಂದಾಗ ಕೇಳುತ್ತದೆ. ಲಿಫ್ಟಿನಲ್ಲಿ ಐದರ ಗುಂಡಿ ಒತ್ತಲಾರದೆ ನಾಲ್ಕರಲ್ಲಿ ಇಳಿದು ನಡೆಯುತ್ತೇನೆ. ಇದು ಸಾಕ್ಷ್ಯವಲ್ಲ ಎಂದು ತನಿಖಾಧಿಕಾರಿಯವರು ಹೇಳಿದ್ದಾರೆ. ಆದರೂ ಬರೆದುಕೊಳ್ಳಲು ಕೇಳಿಕೊಂಡಿದ್ದೇನೆ.

ನವೆಂಬರ್ 2ರ ಶನಿವಾರ ಬೆಳಿಗ್ಗೆ 11 ಗಂಟೆಗೆ ಆ ಜಾಗಕ್ಕೆ ಒಬ್ಬನೇ ಹೋದೆ. ಝುಮಾಗಾಲಿ ಅಲ್ಲೇ ಇದ್ದರು, ಗುರುತು ಹಿಡಿದರು. ನಾನೇನೂ ಕೇಳುವ ಮೊದಲೇ ಅವರು ಹೀಗೆ ಹೇಳಿದರು: "ದಿಬ್ಬದಾಚೆ ನೆಲ ಇಲ್ಲ ಕಣಪ್ಪ, ನನ್ನ ಒಂಟೆ ಒಂದು ಅಲ್ಲೇ ಬಿದ್ದು ಸತ್ತಿದೆ ಅಂತ ಅವನಿಗೆ ಹೇಳ್ದೆ. ಹೋಗಿ ನೋಡ್ಕೊಂಡು ಬಂದ. ಎರಡು, ಎರಡನೇ ಗೇರು, ಅಂತ ನಿನಗೆ ಬೆರಳು ತೋರಿಸ್ದ. ನೀನು ತಲೆ ಆಡಿಸಿದ್ಯಲ್ಲ?"

ಆಡಿಸಿದ್ದೆ ಎಂದು ಒಪ್ಪಿಕೊಂಡೆ. ಅವರು ಶುಬಾತ್ ಕೊಟ್ಟರು, ಬಟ್ಟಲನ್ನು ಹಾಗೆಯೇ ಮರಳಿಸಿದೆ.

ಅಲ್ಲಿಂದ ನೇರ ಅಕ್ತಾವಿಗೆ ಬಂದು ಮಧ್ಯಾಹ್ನ 3:30ಕ್ಕೆ ಒರೆಕೆಯ ಹೆಂಡತಿ ರೌಶಾನ್ ಅವರ ಮನೆಗೆ ಹೋದೆ. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಬೆರಳು, ಖಾಲಿ ಜಾಗ, ಆರು ಹೆಜ್ಜೆ, ಅವರ ಪ್ರಶ್ನೆ, ನನ್ನ ಉತ್ತರ, ಯಾವುದನ್ನೂ ಬಿಡಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಹಂಗಾದ್ರೆ ಅವರು ಮನೆಗೆ ಬರೋರೇ ಇದ್ರು," ಎಂದರು. ಹೌದು ಅತ್ತಿಗೆ ಎಂದೆ. ಇದನ್ನು ಅವರ ಕಡೆಯ ಒಬ್ಬೊಬ್ಬ ಹಿರಿಯರ ಮನೆಗೂ ಹೋಗಿ ನಾನೇ ಹೇಳುತ್ತೇನೆ, ಇವತ್ತೇ ಹೊರಡುತ್ತೇನೆ ಎಂದೆ. ಅದಕ್ಕೆ ಅವರು ನನ್ನ ಮುಖ ನೋಡಿ ಹೇಳಿದ್ದು ಇದು:

"ಹೇಳೋದು ಬೇಡ, ಠಾಣೆಗೆ ಹೋಗಿ ಬರೆದುಕೊಡು. ನಿನ್ನ ಬಾಯಿಮಾತು ನಂಬಿ ಹೋದೋರು ಒಬ್ಬರು ಸಾಕು."

ಆದ್ದರಿಂದ ಬರೆಸಿದ್ದೇನೆ. ಪೆನ್ಸಿಲಿನ ಪುಸ್ತಕ ಮತ್ತು ಶುದ್ಧ ಪ್ರತಿ ಎರಡನ್ನೂ ಒಪ್ಪಿಸಿದ್ದೇನೆ. 17ರ ಹೇಳಿಕೆಯನ್ನು ಹಿಂತೆಗೆದುಕೊಂಡಿದ್ದೇನೆ. ಈ ಹೇಳಿಕೆಯ ಮೊಹರು ಹಾಕಿದ ಒಂದು ಪ್ರತಿಯನ್ನು ರೌಶಾನ್ ದೊಸ್ಮುರಾತೊವಾ ಅವರ ಕೈಗೆ ಕೊಡಬೇಕೆಂದು ಕೋರುತ್ತೇನೆ. ಮೇಲಿನದೆಲ್ಲ ನಾನು ಕಂಡದ್ದು ಮತ್ತು ಮಾಡಿದ್ದು. ಇದನ್ನು ನಾನೇ ಓದಿ, ಒಂದೊಂದು ಸಂಖ್ಯೆಯನ್ನೂ ಇನ್ನೊಬ್ಬರಿಂದ ಓದಿಸಿ, ಸರಿಯಿದೆ ಎಂದು ಖಚಿತವಾದ ಮೇಲೆ ಸಹಿ ಮಾಡಿದ್ದೇನೆ.

ಸ್ಥಳ: ಶೆತ್ಪೆ
ದಿನಾಂಕ: 4-11-2019
ಸಹಿ: ಮಕ್ಸುತ್ ಎಸೆನೋವ್