ಕೆಂಪು ಬಾಲದ ಪತಂಗ

ಇದು ನನ್ನ ದೊಡ್ಡಮ್ಮನ ಮಗನಿಗೇ ಆದದ್ದು. ಕೀಟಗಳ ಸಂಗ್ರಹಾಲಯದಲ್ಲಿ ಅವನಿಗೆ ಕೆಲಸ. ಒಂದು ರಾತ್ರಿ ತಡವಾಗಿ, ಹಾಳು ಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಬರುತ್ತಿದ್ದ... ಸದ್ದು ಕೇಳಿತು. ಪಟ್... ಪಟ್... ಬಿಗಿಯಾಗಿ ಕಟ್ಟಿದ ಬಟ್ಟೆಗೆ ರೆಕ್ಕೆ ಬಡಿಯುವ ಸದ್ದು.

ಅವನಿಗೆ ಗೊತ್ತಿರದ ಸದ್ದೇ? ಅದೇ ಬಾವಿಯ ಹತ್ತಿರ ಅವನೂ ಅವನ ಮೇಲಧಿಕಾರಿಯೂ ಎಷ್ಟೋ ರಾತ್ರಿ ಬಿಳಿ ಬಟ್ಟೆ ಕಟ್ಟಿ, ದೀಪ ಇಟ್ಟು, ಪತಂಗಗಳಿಗಾಗಿ ಕಾದಿದ್ದರು. ಆ ಅಧಿಕಾರಿಯನ್ನು ಇವನು ಅಣ್ಣ ಅನ್ನುತ್ತಿದ್ದ. ಒಡಹುಟ್ಟಿದವರಿಗಿಂತ ಹೆಚ್ಚು ನಂಬಿದ್ದ, ಪೆದ್ದ.

ಎರಡು ತಿಂಗಳ ಹಿಂದೆ ಆ ಬಟ್ಟೆಯ ಮೇಲೆ ಒಂದು ಬಂದು ಕೂತಿತ್ತು. ಅಂಗೈ ಹರಡಿದರೂ ಮುಚ್ಚದಷ್ಟು ದೊಡ್ಡದು. ಎಳೆ ಹಸಿರು, ಉದ್ದ ಬಾಲ, ರೆಕ್ಕೆಗೊಂದು ಕಣ್ಣಿನಂಥ ಚುಕ್ಕೆ. ಅಂಥವನ್ನು ಇಬ್ಬರೂ ನೋಡಿದ್ದರು. ಆದರೆ ಇದರ ಬಾಲ ಕಡು ಕೆಂಪು... ಯಾವ ಪುಸ್ತಕದಲ್ಲೂ ಇಲ್ಲದ್ದು. ಅದನ್ನು ಗುರುತಿಸಿದ್ದು ನಮ್ಮವನು. ಪತಂಗದ ಮೀಸೆ ಸಪೂರ, ಹೊಟ್ಟೆ ದಪ್ಪ. ಮೊಟ್ಟೆ ಇಡಲಿರುವ ಹೆಣ್ಣು. ತಿನ್ನಲು ಬಾಯಿಯೇ ಇಲ್ಲದ ಜೀವ, ಬದುಕುವುದು ಹೆಚ್ಚೆಂದರೆ ಒಂದು ವಾರ. ಅವನಿಗೆ ಕಣ್ಣು ತುಂಬಿ ಬಂತಂತೆ. ಚಿತ್ರ ಬರೆದುಕೊಂಡು ಬಿಟ್ಟುಬಿಡೋಣ ಅಂದ. ನೀನು ಮನೆಗೆ ಹೋಗು, ನಾನು ಬಿಡ್ತೀನಿ ಅಂದ ಅಣ್ಣ.

ಬಿಡಲಿಲ್ಲ. ತಿಂಗಳಾದ ಮೇಲೆ ಅದು ಗಾಜಿನ ಪೆಟ್ಟಿಗೆಯಲ್ಲಿತ್ತು, ಎದೆಗೆ ಸೂಜಿ ಚುಚ್ಚಿಸಿಕೊಂಡು. ಕೆಳಗಿನ ಚೀಟಿಯಲ್ಲಿ ಮೊದಲು ಕಂಡವರ ಹೆಸರು ಬರೆಯುತ್ತಾರೆ. ಅಲ್ಲಿ ಅಣ್ಣನದೊಂದೇ ಹೆಸರು. ನಮ್ಮವನ ಹೊಟ್ಟೆ ಉರಿದುಹೋಯಿತು. ಕೇಳೋಣ ಅಂದರೆ ಅಣ್ಣ ಮುಖ ತಪ್ಪಿಸಿಕೊಂಡು ಓಡಾಡಿದ. ಆಮೇಲೆ ಒಂದು ದಿನ ಎದೆನೋವು ಅಂತ ಮಲಗಿದವನು ಏಳಲೇ ಇಲ್ಲ.

ಅವನು ಹೋಗಿ ಒಂಬತ್ತನೇ ರಾತ್ರಿ ಇದು.

ಬಾವಿಯ ಹತ್ತಿರ ಬಿಳಿ ಬಟ್ಟೆ. ದೀಪ ಇಲ್ಲ, ಆದರೂ ಬೆಳಕು... ಬಟ್ಟೆಯ ಹಿಂದೆ ಒಂದು ನೆರಳು. ಒಂದು ಪಕ್ಕಕ್ಕೆ ಜಗ್ಗಿದ ಆ ಭುಜ ನೋಡಿದೊಡನೆ ಗುರುತು ಹತ್ತಿತು.

"ಬಿಡ್ತೀನಿ ಅಂದಿದ್ರಲ್ಲ, ಅಣ್ಣ..." ನಮ್ಮವನು ಪಿಸುಗುಟ್ಟಿದ.

"ಬಿಟ್ಟೆ." ಬರೀ ಉಸಿರಿನಂಥ ದನಿ.

ಹೆದರಿಕೆಗಿಂತ ಸಿಟ್ಟೇ ಹೆಚ್ಚಾಯಿತಂತೆ. ಸತ್ತ ಮೇಲೂ ಸುಳ್ಳು ಹೇಳುತ್ತಾನಲ್ಲ ಅಂತ.

"ಮತ್ತೆ ನನ್ನ ಹೆಸರು?"

ಪಟ್... ಅಂತ ಒಂದೇ ಸದ್ದು. ಆಮೇಲೆ ಬಟ್ಟೆಯೂ ಇಲ್ಲ, ಬೆಳಕೂ ಇಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಸಂಗ್ರಹಾಲಯಕ್ಕೆ ಹೋಗಿ, ಕಾವಲುಗಾರನ ಕೈಯಲ್ಲಿ ಬಾಗಿಲು ತೆಗೆಸಿದ. ಗಾಜು ಒಡೆದಿಲ್ಲ. ಪೆಟ್ಟಿಗೆಗೆ ಹಾಕಿದ ಬೀಗ ಹಾಕಿದ ಹಾಗೇ ಇದೆ. ಸೂಜಿ ನೆಟ್ಟಗೆ ನಿಂತಿದೆ. ಪತಂಗ ಇಲ್ಲ.

ನಂಬೋದು ಬಿಡೋದು ನಿಮಗೆ ಸೇರಿದ್ದು. ಆ ಕಾವಲುಗಾರನನ್ನು ನಾನೇ ಕೇಳಿದ್ದೇನೆ, ಆ ಖಾಲಿ ಪೆಟ್ಟಿಗೆಯನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಚೀಟಿ ಇನ್ನೂ ಅಲ್ಲೇ ಇದೆ. ಅದರಲ್ಲಿ ಈಗಲೂ ಅಣ್ಣನದೊಂದೇ ಹೆಸರು.